ಪುಂಡಲೀಕನ ಕುದುರೆ

ಮಗಳೊಬ್ಬಳು ಬೆನ್ನಿಗೊಂದು ಚೀಲ ಏರಿಸಿ, ಅವ್ವನನ್ನೂ ಜೊತೆಗೆ ಕರೆದುಕೊಂಡು, ಬೆಲೀಜ್ ಅಥವಾ ಕೋಸ್ಟರಿಕಾದ ಕೆರಿಬಿಯನ್ ದಂಡೆಯಲ್ಲಿ ಸಿಕ್ಕ ಬಸ್ಸು ಹತ್ತಿ, ಅಗ್ಗದ ಕೋಣೆಗಳಲ್ಲಿ ತಂಗಿ ತಿರುಗಾಡಿ ಬಂದರೆ ಇವತ್ತು ಅದು ನಾಲ್ಕು ಜನ ಕಿವಿಗೊಟ್ಟು ಕೇಳುವ ಸುದ್ದಿ. ಸುದ್ದಿಯಾಗುವುದಕ್ಕೆ ಕಾರಣವೂ ಇದೆ. ಈ ಬಗೆಯ ಪ್ರವಾಸ ಪಶ್ಚಿಮದಲ್ಲಿ ಬೆಳೆದದ್ದೇ ತಂದೆತಾಯಿಯ ಕಣ್ಣಳತೆಯಿಂದ ದೂರ ಹೋಗುವ ಆಸೆಯಿಂದ. 1960-70ರ ದಶಕಗಳಲ್ಲಿ ಇಸ್ತಾಂಬುಲ್‌ನಿಂದ ಕಾಠ್ಮಂಡುವರೆಗೆ ಬಂದ ಹುಡುಗ ಹುಡುಗಿಯರು ಮನೆಯ ಶಿಸ್ತಿಗೆ ಬೆನ್ನು ತಿರುಗಿಸಿ ಹೊರಟವರು. ಅಂಥದೇ ಹಾದಿ ಸವೆಸಿ ಆಸ್ಟ್ರೇಲಿಯಾ ಮುಟ್ಟಿದ ಟೋನಿ ಮತ್ತು ಮೌರೀನ್ ವೀಲರ್ ದಂಪತಿ 1973ರಲ್ಲಿ ಅಚ್ಚು ಹಾಕಿಸಿದ ತೆಳ್ಳನೆಯ ಕೈಪಿಡಿಯಿಂದ ಲೋನ್ಲಿ ಪ್ಲಾನೆಟ್ ಪ್ರಕಾಶನ ಹುಟ್ಟಿತು. ಆ ಪರಂಪರೆಯಲ್ಲಿ ಅವ್ವ ಜೊತೆಗಿರುವುದು ವಿಶೇಷವೇ. ಬೀದರ ಜಿಲ್ಲೆಯ ಭಾಲ್ಕಿ, ಔರಾದ, ಖಟಕ ಚಿಂಚೋಳಿ ಕಡೆಗೆ ಬಂದರೆ ಲೆಕ್ಕ ತಿರುವುಮುರುವು. ಇಲ್ಲಿ ಗಂಟು ಕಟ್ಟಿಕೊಂಡು ದೂರದ ಊರಿಗೆ ನಡೆದು ಹೋಗುವ ವಾಡಿಕೆ ಶತಮಾನಗಳಷ್ಟು ಹಳೆಯದು. ಆ ವಾಡಿಕೆ ನಿಂತಿರುವುದೇ ಮನೆಯ ಹಿರಿಯರ ಮೇಲೆ. ಅದನ್ನು ಭಕ್ತಿ ಎಂಬ ಒಂದೇ ಖಾತೆಗೆ ಬರೆದುಬಿಟ್ಟಿದ್ದರಿಂದ ಪ್ರವಾಸದ ಇತಿಹಾಸವಾಗಿ ನೋಡಿದವರು ಕಡಿಮೆ. ನನ್ನ ವಾದ ಇಷ್ಟು: ಪಂಢರಪುರ, ತುಳಜಾಪುರ, ಶ್ರೀಶೈಲಗಳಿಗೆ ಈ ಸೀಮೆಯವರು ನಡೆದ ನಡಿಗೆ, ಹಿರಿಯರು ಕಿರಿಯರಿಗೆ ಹಾದಿಯನ್ನೇ ಆಸ್ತಿಯಾಗಿ ಬಿಟ್ಟುಕೊಡುವ ಒಂದು ಪೂರ್ಣ ಪ್ರವಾಸ ಪದ್ಧತಿ. ಆ ಆಸ್ತಿ ಇದ್ದುದರಿಂದಲೇ ಹಳೆಯ ಬೀದರ ಜಿಲ್ಲೆ ಮೂರು ರಾಜ್ಯಗಳಿಗೆ ಹಂಚಿಹೋದ ಮೇಲೂ ಹಾದಿ ಕಡಿಯಲಿಲ್ಲ.

ಮೊದಲ ಸಾಕ್ಷಿ ಪುಂಡಲೀಕನ ಕತೆ. ವಿಠ್ಠಲ ಇಟ್ಟಿಗೆಯ ಮೇಲೆ ನಿಂತದ್ದು, ತಂದೆತಾಯಿಯ ಸೇವೆಯಲ್ಲಿದ್ದ ಪುಂಡಲೀಕ ದೇವರನ್ನೇ ಕಾಯಿಸಿದ್ದು ಎಲ್ಲರಿಗೂ ಗೊತ್ತು. ಕತೆಯ ಮೊದಲ ಭಾಗವನ್ನು ಮಾತ್ರ ನಾವು ಅಷ್ಟಾಗಿ ನೆನೆಯುವುದಿಲ್ಲ. ಪಂಢರಪುರಕ್ಕೆ ನಡೆಯುವ ವಿಠ್ಠಲಭಕ್ತರಾದ ವಾರಕರಿಗಳು ಹೇಳುವಂತೆ, ಮುದುಕ ತಂದೆತಾಯಿ ಕಾಶಿಗೆ ಹೊರಟ ಯಾತ್ರಿಕರ ತಂಡವೊಂದರ ಜೊತೆ ಹೆಜ್ಜೆ ಹಾಕುತ್ತಾರೆ. ಮಗ ಸೊಸೆ ಕೂಡ ಹೊರಡುತ್ತಾರೆ, ಆದರೆ ಕುದುರೆಯ ಮೇಲೆ. ಹಗಲೆಲ್ಲ ಕಾಲ್ನಡಿಗೆಯಲ್ಲಿ ಬಂದ ಮುದುಕರು ಸಂಜೆ ಮುಕ್ಕಾಮಿನಲ್ಲಿ ಮಗನ ಕುದುರೆಯ ಚಾಕರಿಯನ್ನೂ ಮಾಡಬೇಕು. ಹಾದಿಯಲ್ಲಿ ಕುಕ್ಕುಟ ಮುನಿಯ ಆಶ್ರಮದಲ್ಲಿ ಮಗನಿಗೆ ತನ್ನ ತಪ್ಪು ಅರಿವಾಗಿ, ತಂದೆತಾಯಿಯೊಡನೆ ಹಿಂದಿರುಗುತ್ತಾನೆ. ಅಂದರೆ ಭೀಮಾತೀರದ ಇಷ್ಟು ದೊಡ್ಡ ಪಂಥದ ಬೇರಿನಲ್ಲಿರುವುದು ತಂದೆತಾಯಿಯೊಡನೆ ಕೈಗೊಂಡ ಒಂದು ಪ್ರಯಾಣ, ಅದೂ ಕೆಟ್ಟುಹೋದ ಪ್ರಯಾಣ. ಇದು ಇತಿಹಾಸವಲ್ಲ, ಕತೆ ಎನ್ನುವವರು ಉಂಟು. ಪುಂಡಲೀಕ ಎಂದು ಬದುಕಿದ್ದ ಎಂಬುದಕ್ಕೆ ಕತೆ ಸಾಕ್ಷಿಯಾಗುವುದಿಲ್ಲ, ಒಪ್ಪಿದೆ. ಆದರೆ ಅದನ್ನು ಹೇಳುತ್ತ ಬಂದ ಜನ ಯಾವುದನ್ನು ನಾಚಿಕೆಗೇಡು ಎಂದುಕೊಂಡಿದ್ದರು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ. ಹಿರಿಯರು ನಡೆಯುವಾಗ ಕಿರಿಯರು ಸವಾರಿ ಮಾಡಬಾರದು ಎಂಬ ಹಾದಿಯ ನಡವಳಿಕೆ ಅಲ್ಲಿ ಅಚ್ಚೊತ್ತಿದಂತಿದೆ. ನಡೆಯುವವರೇ ಇಲ್ಲದ ಸಮಾಜ ಇಂಥ ನಿಯಮ ಕಟ್ಟಿಕೊಳ್ಳುವುದಿಲ್ಲ.

ಇನ್ನು ನೆಲದ ಮಾತು. ಭಾಲ್ಕಿ ತಾಲ್ಲೂಕಿನ ಖಟಕ ಚಿಂಚೋಳಿಯಂಥ ಊರಿನಲ್ಲಿ ನಿಂತು ಸುತ್ತ ನೋಡಿದರೆ ಹತ್ತಿರದ ಜಾತ್ರೆಗಳೆಲ್ಲ ಒಂದೆರಡು ದಿನದ ನಡಿಗೆಯೊಳಗೆ ಬರುತ್ತವೆ: ಖಾನಾಪುರದ ಮೈಲಾರ ಮಲ್ಲಣ್ಣ, ಹುಮನಾಬಾದಿನ ಬಳಿ ಮಾಣಿಕಪ್ರಭುಗಳು (1817-1865) ನೆಲೆಸಿದ ಮಾಣಿಕನಗರ, ಬಸವಕಲ್ಯಾಣ, ಬೀದರಿನ ಝರಣಿ ನರಸಿಂಹ. ಅದರಾಚೆಗೆ ತುಳಜಾಪುರ ಸುಮಾರು 150 ಕಿಲೋಮೀಟರು, ಪಂಢರಪುರ ಸುಮಾರು 250. ದಿನಕ್ಕೆ ಏಳೆಂಟು ಹರಿದಾರಿ ನಡೆಯುವುದು ಜವಾನರ ಮಾತು. ಮುದುಕರ ಹೆಜ್ಜೆಗೆ ಪಂಢರಪುರ ಹತ್ತು ಹನ್ನೆರಡು ದಿನ. ಯಾವಾಗ ಹೊರಡಬೇಕೆಂಬುದನ್ನು ಪಂಚಾಂಗದಷ್ಟೇ ಹೊಲವೂ ಹೇಳುತ್ತಿತ್ತು. ಮೃಗಶಿರ ಮಳೆಗೆ ಹೆಸರು, ಉದ್ದು, ತೊಗರಿ ಬಿತ್ತಿದ ಬೆನ್ನಿಗೇ ಆಷಾಢ ಏಕಾದಶಿ ಬರುತ್ತದೆ. ಆಗ ಎಡೆ ಹೊಡೆಯಲು, ಕಳೆ ತೆಗೆಯಲು ಗಟ್ಟಿ ಆಳು ಹೊಲದಲ್ಲೇ ಬೇಕು. ಮನೆಯಿಂದ ಬಿಡುವಾಗುವವರು ಮುತ್ಯಾ, ಆಯಿ, ಅವರ ಗಂಟು ಹೊರಲು ಒಬ್ಬ ಮಗನೋ ಮೊಮ್ಮಗಳೋ. ಅಶ್ವಿನ ಹುಣ್ಣಿಮೆಯ ತುಳಜಾಪುರದ ನಡಿಗೆ ಹೆಸರು, ಉದ್ದಿನ ರಾಶಿ ಮುಗಿದು ಹಿಂಗಾರಿ ಜೋಳ ಬಿತ್ತುವ ಹೊತ್ತಿನ ಸಂದಿಯಲ್ಲಿ ಬೀಳುತ್ತದೆ. ಶಿವರಾತ್ರಿಯ ಶ್ರೀಶೈಲಕ್ಕೆ ಹೊರಡುವಾಗ ತೊಗರಿಯ ರಾಶಿ ಮನೆ ಸೇರಿರುತ್ತದೆ. ಎರಡು ತಲೆಮಾರು ಒಂದೇ ಹಾದಿಯಲ್ಲಿ ಕೂಡಿ ನಡೆಯುವಂತೆ ಮಾಡಿದ್ದರಲ್ಲಿ ಭಾವುಕತೆಗಿಂತ ಬೇಸಾಯದ ಲೆಕ್ಕದ ಪಾಲು ದೊಡ್ಡದು ಎಂದು ಇದರಿಂದ ಊಹಿಸಬಹುದು.

ಬುತ್ತಿಯೂ ಅದೇ ಲೆಕ್ಕದ್ದು. ಖಡಕ್ ಜೋಳದ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ, ಶೇಂಗಾ ಹಿಂಡಿ, ಕೆಂಪು ಖಾರ ತೂಕಕ್ಕೆ ಹಗುರ. ಒಂದು ಕಂಬಳಿ, ಒಂದು ತಂಬಿಗೆ, ಬಟ್ಟೆಯ ಗಂಟು. ಹೊರೆ ಹಗುರವಿರಲಿ, ದಾರಿಯಲ್ಲಿ ಕೈ ಚಾಚುವುದು ಕಡಿಮೆಯಾಗಲಿ ಎಂಬ ಇಂದಿನ ಚೀಲಧಾರಿ ಪ್ರವಾಸಿಗಳ ತತ್ವವನ್ನು ಈ ಗಂಟು ಎಂದೋ ಕಲಿತಿತ್ತು.

ಈ ನಡಿಗೆಗೆ ಹೊರಗಿನವನೊಬ್ಬನ ಸಾಕ್ಷ್ಯವಿದೆ, ಅದೂ ಐದೂವರೆ ಶತಮಾನದ ಹಿಂದಿನದು. ರಷ್ಯದ ತ್ವೇರ್ ಪಟ್ಟಣದ ವ್ಯಾಪಾರಿ ಅಫನಾಸಿ ನಿಕಿತಿನ್ 1470ರ ಆಸುಪಾಸಿನಲ್ಲಿ ಬೀದರಿನಲ್ಲಿದ್ದ. ಬಹಮನಿ ವಜೀರ ಮಹಮೂದ್ ಗವಾನನ ವೈಭವದ ಕಾಲ ಅದು. ಅವನ ಮದರಸಾ ಎದ್ದು ನಿಂತದ್ದು 1472ರಲ್ಲಿ. ಸುಲ್ತಾನನ ಮೆರವಣಿಗೆ, ಕುದುರೆ ವ್ಯಾಪಾರ, ಶೇಖ್ ಅಲಾವುದ್ದೀನರ ನೆನಪಿಗೆ ಕೂಡುವ ಆಳಂದದ ದೊಡ್ಡ ಸಂತೆ, ಇವನ್ನೆಲ್ಲ ಬರೆದುಕೊಂಡ ನಿಕಿತಿನ್, ಬೀದರಿನ ಹಿಂದೂಗಳ ಗೆಳೆತನ ಬೆಳೆಸಿ ಅವರ ಜೊತೆ ‘ಪರ್ವತ’ಕ್ಕೂ ಹೋಗಿಬಂದ. ವಿದ್ವಾಂಸರು ಅದನ್ನು ಶ್ರೀಶೈಲವೆಂದು ಗುರುತಿಸಿದ್ದಾರೆ. ಬೀದರಿನಿಂದ ಅಲ್ಲಿಗೆ ಒಂದು ತಿಂಗಳ ಪಯಣವೆಂದು ಅವನ ಲೆಕ್ಕ. ಅವನು ಗಮನಿಸಿದ ಸಣ್ಣ ಸಂಗತಿಗಳೇ ನಮಗೆ ಬೆಲೆಯುಳ್ಳವು. ಹಾದಿಯಲ್ಲಿ ಪ್ರತಿಯೊಬ್ಬರೂ ತಮ್ಮದೇ ಗಡಿಗೆಯಲ್ಲಿ ತಮ್ಮ ಅಡುಗೆ ಬೇಯಿಸಿಕೊಳ್ಳುತ್ತಾರೆ, ಪರರ ಕಣ್ಣಿಗೆ ಬೀಳದಂತೆ ಉಣ್ಣುತ್ತಾರೆ. ದೇವಾಲಯದ ಬಳಿ ಮುದುಕಿಯರೂ ಹುಡುಗಿಯರೂ ತಲೆ ಬೋಳಿಸಿಕೊಳ್ಳುತ್ತಾರೆ. ಬಂದವರಿಂದ ತಲೆಗಿಷ್ಟು ಎಂದು ಕಾಣಿಕೆ ವಸೂಲಾಗುತ್ತದೆ. ಅಲ್ಲಿಯ ಜಾತ್ರೆ ಐದು ದಿನ. ಮುದುಕಿಯರೂ ಹುಡುಗಿಯರೂ ಎಂಬ ಜೋಡಿಯ ಬಳಿ ನಾನು ನಿಲ್ಲುತ್ತೇನೆ. ನಿಕಿತಿನ್‌ನಿಗೆ ಕುಟುಂಬಗಳ ಇತಿಹಾಸ ಬರೆಯುವ ಇರಾದೆ ಇರಲಿಲ್ಲ, ಕಂಡದ್ದನ್ನು ಬರೆದ. ಆದರೂ ಆ ಹಾದಿಯಲ್ಲಿ ಎರಡು ಮೂರು ತಲೆಮಾರಿನ ಹೆಂಗಸರು ಇದ್ದರೆಂಬುದು ಅವನ ಬರಹದಲ್ಲಿ ಉಳಿದುಬಂತು. ಬಹಮನಿ ರಾಜಧಾನಿಯ ಚರಿತ್ರೆ ಎಂದರೆ ಕೋಟೆ, ಬಿದರಿ ಕೆಲಸ, ಕರೇಜ್ ಎಂದು ಎಣಿಸುವ ನಾವು, ಅದೇ ಊರಿನಿಂದ ತಿಂಗಳ ದಾರಿಗೆ ಗಡಿಗೆ ಹೊತ್ತು ಹೊರಟವರನ್ನು ಎಣಿಸಿಯೇ ಇಲ್ಲ.

ಇದು ಬರೀ ಭಕ್ತಿ, ಪ್ರವಾಸವೆಂದರೆ ಬೇರೆ ಎಂಬುದು ಮೊದಲ ಆಕ್ಷೇಪ. ಊರು ನೋಡುವ ಕುತೂಹಲ, ಹೊಸ ನೆಲದ ಬೆರಗು ಇದ್ದರಲ್ಲವೇ ಪ್ರವಾಸ? ಹಾಗೆ ಬೇರ್ಪಡಿಸಿ ನೋಡುವ ಕಣ್ಣು ಈಚಿನದು. ನಿಕಿತಿನ್ ಕಂಡ ಆಳಂದದಲ್ಲಿ ಸಂತರ ಸ್ಮರಣೆಯೂ ಕುದುರೆಯ ವ್ಯಾಪಾರವೂ ಒಂದೇ ಬಯಲಿನಲ್ಲಿ ನಡೆದಿದ್ದವು. ಪಂಢರಪುರದ ಕಾರ್ತಿಕ ಜಾತ್ರೆಯಲ್ಲಿ ಇಂದಿಗೂ ದನದ ಪೇಟೆ ಕೂಡುತ್ತದೆ. ದೇವರ ಹೆಸರಿನಲ್ಲಿ ಹೊರಟವರು ಬೀಜದ ತಳಿ, ಎತ್ತಿನ ಬೆಲೆ, ಹೆಣ್ಣು ಗಂಡಿನ ಸಂಬಂಧ ಎಲ್ಲವನ್ನೂ ವಿಚಾರಿಸಿಕೊಂಡೇ ಬರುತ್ತಿದ್ದರು. ಇನ್ನು ಹೆಂಗಸರ ಮಟ್ಟಿಗೆ ಹೇಳುವುದಾದರೆ, ಬೀಸುವ ಕಲ್ಲಿನ ಮುಂದೆ ಹುಟ್ಟಿದ ಹಾಡುಗಳಲ್ಲಿ ಪಂಢರಿ ತವರಾಗಿ ಬರುವುದು ಸುಮ್ಮನೆ ಅಲ್ಲ. ಮದುವೆಯಾಗಿ ಹೋದ ಮಗಳು ತಾಯಿಯ ಜೊತೆ ಹತ್ತು ದಿನ ಇರಲು ಅತ್ತೆಮನೆ ತಕರಾರಿಲ್ಲದೆ ಒಪ್ಪುವ ಕಾರಣಗಳು ಎಷ್ಟಿದ್ದವು? ಬಾಣಂತನ ಒಂದು, ಜಾತ್ರೆ ಇನ್ನೊಂದು. ಭಕ್ತಿ ಅವಳಿಗೆ ಹೊಸ್ತಿಲು ದಾಟುವ ರಹದಾರಿ ಪತ್ರವೂ ಆಗಿತ್ತು.

ಗುಂಪಾಗಿ ಹೋಗುವುದಕ್ಕೆ ಇನ್ನೊಂದು ಗಟ್ಟಿ ಕಾರಣ ಭಯ. ಫಿಲಿಪ್ ಮೆಡೋಸ್ ಟೇಲರ್ 1839ರಲ್ಲಿ ಪ್ರಕಟಿಸಿದ ಠಗ್ಗನ ಆತ್ಮನಿವೇದನೆಯ ಕಾದಂಬರಿ ಕಟ್ಟುಕತೆಯೇ ಇರಬಹುದು, ಆದರೆ ನಿಜಾಮನ ಸೀಮೆಯ ಹಾದಿಗಳನ್ನು ಅಧಿಕಾರಿಯಾಗಿ ಬಲ್ಲವನು ಅದನ್ನು ಬರೆದ. ಮುಂದೆ 1853ರಲ್ಲಿ ನಮ್ಮ ಮಗ್ಗುಲಿನ ನಳದುರ್ಗ ಜಿಲ್ಲೆಯ ಆಡಳಿತವೂ ಅವನ ಕೈಗೆ ಬಂತು. ಒಂಟಿ ದಾರಿಹೋಕರ ಜೊತೆ ಸ್ನೇಹ ಬೆಳೆಸಿ ಕೊರಳಿಗೆ ರುಮಾಲು ಬಿಗಿಯುವವರ ಕಾಲದಲ್ಲಿ ಮುದುಕ ತಂದೆತಾಯಿಯನ್ನು ಕರೆದುಕೊಂಡು ಒಬ್ಬನೇ ಹೋಗುವ ಧೈರ್ಯ ಯಾರು ಮಾಡಿಯಾರು? ದಿಂಡಿ, ಅಂದರೆ ಹಾಡುತ್ತ ಕೂಡಿ ನಡೆಯುವ ಯಾತ್ರಿಕರ ತಂಡ, ಆ ಭಯಕ್ಕೆ ಜನ ಕಟ್ಟಿಕೊಂಡ ಉತ್ತರ ಎಂದು ನನಗೆ ಅನಿಸುತ್ತದೆ. ಮುಂದೆ ಪತಾಕೆ, ನಡುವೆ ವೀಣೆ ಹಿಡಿದವರು, ತಾಳ, ಮೃದಂಗ, ತಲೆಯ ಮೇಲೆ ತುಳಸಿ ಹೊತ್ತ ಹೆಂಗಸರು, ಹಿಂದೆ ಸಾಮಾನಿನ ಬಂಡಿ. ಅಡಿಗಡಿಗೆ ಹಾಡು ಇದ್ದುದರಿಂದ ಹಿಂದುಳಿದವರಿಗೂ ಗುಂಪು ಎಲ್ಲಿದೆ ಎಂಬುದು ಕೇಳಿಸುತ್ತಿತ್ತು. ನಡಿಗೆಯ ವೇಗ ಮುದುಕರ ಉಸಿರಿಗೆ ತಕ್ಕಂತೆ ಉಳಿಯುತ್ತಿತ್ತು. ಯಾವ ಊರಿನ ಬಾವಿ ಸಿಹಿ, ಯಾವ ಗುಡಿಯ ಪಡಸಾಲೆ ಮಳೆಗೆ ಸೋರುವುದಿಲ್ಲ, ಮಾಂಜ್ರಾ ನದಿ ತುಂಬಿದರೆ ಎಲ್ಲಿ ದಾಟಬೇಕು, ಯಾವ ಮನೆಯವರು ಪ್ರತಿವರ್ಷ ಪಿಠಲೆ ರೊಟ್ಟಿ ಹಾಕುತ್ತಾರೆ ಎಂಬ ತಿಳಿವಳಿಕೆ ಯಾವ ಕೈಪಿಡಿಯಲ್ಲೂ ಇರಲಿಲ್ಲ. ಅದು ಅಪ್ಪನ ಬಾಯಲ್ಲಿತ್ತು, ನಡೆಯುತ್ತ ನಡೆಯುತ್ತ ಮಗನಿಗೆ ಬರುತ್ತಿತ್ತು. ವಾರಿ, ಅಂದರೆ ವರ್ಷವರ್ಷದ ಪಂಢರಪುರದ ನಡಿಗೆ, ಮನೆತನದ್ದಾಗುವುದೂ ಹೀಗೆಯೇ: ಅಪ್ಪನ ಕಾಲು ಸೋತ ವರ್ಷ ಮಗ ಕೊರಳಿಗೆ ತುಳಸಿಮಾಲೆ ಹಾಕಿಕೊಂಡು ಅದನ್ನು ಮುಂದುವರಿಸುತ್ತಾನೆ.

ಪಂಢರಪುರದ ವಾರಿ ಮರಾಠಿಗರ ಸೊತ್ತು, ಅದನ್ನು ಕನ್ನಡ ನಾಡಿನ ಇತಿಹಾಸಕ್ಕೆ ಏಕೆ ಎಳೆದು ತರಬೇಕು ಎಂಬುದು ಎರಡನೆಯ ಆಕ್ಷೇಪ. ಇದಕ್ಕೆ ಬೆಂಬಲವಾಗಿ ನಿಲ್ಲಬಲ್ಲ ದೊಡ್ಡ ಹೆಸರು ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆ ಅವರದು. ಪಂಢರಪುರಕ್ಕೆ ಹೋಗುವ ಸಂತರ ಪಾಲಖಿಯ (ಪಲ್ಲಕ್ಕಿಯ) ಜೊತೆ ತಾವೇ ನಡೆದು ಅವರು ಬರೆದ ಪ್ರಬಂಧ 1962ರಲ್ಲಿ ಇಂಗ್ಲಿಷಿನಲ್ಲೂ ಬಂತು. ಯಾರ ಜನ ಪಂಢರಪುರಕ್ಕೆ ಹೋಗುತ್ತಾರೋ ಆ ನಾಡೇ ಮಹಾರಾಷ್ಟ್ರ ಎಂಬ ವ್ಯಾಖ್ಯೆ ಅಲ್ಲಿ ಸಿಗುತ್ತದೆ. ಸೊಗಸಾದ ಮಾತು, ಆದರೆ ಭಾಲ್ಕಿಯ ಕಡೆಯಿಂದ ನೋಡಿದರೆ ಹಿಡಿತಕ್ಕೆ ಬಾರದ ಮಾತು. ಜ್ಞಾನೇಶ್ವರರ ಪಾಲಖಿಗೆ ಈಗಿನ ರೂಪ ಕೊಟ್ಟ ಹೈಬತಬಾಬಾ ಅವರಿಗೆ ಕುದುರೆ ಒದಗಿಸಿದ್ದು ಚಿಕ್ಕೋಡಿ ಕಡೆಯ ಅಂಕಲಿಯ ಶಿತೋಳೆ ಸರದಾರರು. ಇಂದಿಗೂ ಕುದುರೆಗಳು ಕರ್ನಾಟಕದ ಅಂಕಲಿಯಿಂದಲೇ ಆ ಪಾಲಖಿ ಹೊರಡುವ ಆಳಂದಿಗೆ ಹೋಗುತ್ತವೆ. ಕನ್ನಡದ ಹರಿದಾಸರು ವಿಠ್ಠಲನ ಹೆಸರನ್ನೇ ಅಂಕಿತವಾಗಿ ಇಟ್ಟುಕೊಂಡರು. ಬೀದರಿನ ನಂಟಂತೂ ಇನ್ನೂ ಹತ್ತಿರದ್ದು. ಬರಗಾಲದಲ್ಲಿ ಬೀದರ ಬಾದಶಹನ ಕಣಜ ಬಿಚ್ಚಿ ಜನರಿಗೆ ಹಂಚಿದ ಮಂಗಳವೇಢೆಯ ದಾಮಾಜಿಪಂತನನ್ನು ಉಳಿಸಲು ವಿಠ್ಠಲನೇ ವಿಠು ಮಹಾರನಾಗಿ ಹಣ ಹೊತ್ತು ಬೀದರಿಗೆ ಬಂದನೆಂಬ ಕತೆ ಸಂತಚರಿತ್ರೆಗಳಲ್ಲಿದೆ. ಮಂಗಳವೇಢೆಯಿಂದ ಕಲ್ಯಾಣಕ್ಕೆ ಬಿಜ್ಜಳನ ಕಾಲದಲ್ಲಿ ಜನ ಓಡಾಡಿದ ಹಾದಿಯೂ ಈ ನೆಲದ್ದೇ. ಮೇಲಾಗಿ ಒಂದೇ ಮನೆಯವರು ಆಷಾಢಕ್ಕೆ ಮರಾಠಿ ಸೀಮೆಗೆ, ಶಿವರಾತ್ರಿಗೆ ತೆಲುಗು ಸೀಮೆಗೆ, ನಡುವೆ ಮೈಲಾರಕ್ಕೆ ಹೋಗುತ್ತಿದ್ದರೆ ಅವರನ್ನು ಯಾವ ಭಾಷೆಯ ಯಾತ್ರಿಕರೆಂದು ಬರೆದುಕೊಳ್ಳುವುದು? ಕನ್ನಡಕ್ಕಾಗಿ ಈ ಸೀಮೆಯಲ್ಲಿ ಹೋರಾಡಬೇಕಾದದ್ದು ನಿಜ. ಕಮಲನಗರದಲ್ಲಿ ಹುಟ್ಟಿದ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು (1890-1999) ನಿಜಾಮನ ಕಾಲದಲ್ಲಿ ಹೊರಗೆ ಉರ್ದು ಫಲಕ ತೂಗಿ ಒಳಗೆ ಕನ್ನಡ ಕಲಿಸಿದ್ದನ್ನು ಮರೆಯಬಾರದು. ಆ ಹೋರಾಟ ಶಾಲೆ ಮತ್ತು ಕಚೇರಿಗೆ ಸಂಬಂಧಿಸಿದ್ದು. ಹಾದಿಯ ಮೇಲೆ ಭಾಷೆಯ ಸುಂಕದಕಟ್ಟೆ ಇರಲಿಲ್ಲ.

1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಒಡೆದಾಗ ಬೀದರ ಜಿಲ್ಲೆಯೂ ಒಡೆಯಿತು. ಉದಗೀರ, ನಿಲಂಗಾ, ಅಹಮದಪುರ ಮುಂಬಯಿ ರಾಜ್ಯಕ್ಕೆ ಹೋದವು. ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ. ಬೀದರ, ಭಾಲ್ಕಿ, ಔರಾದ, ಹುಮನಾಬಾದ, ಕಲ್ಯಾಣ ಮೈಸೂರಿಗೆ. ಕಂದಾಯದ ಕಾಗದ, ಶಾಲೆಯ ಪಠ್ಯ, ಕೋರ್ಟು ಎಲ್ಲ ಬೇರೆಬೇರೆಯಾದವು. ಔರಾದಿನ ದಿಂಡಿಗೆ ನಿಲಂಗಾದ ಕಡೆಯ ಮುಕ್ಕಾಮು ಮಾತ್ರ ಹೊರರಾಜ್ಯವಾಗಲಿಲ್ಲ, ಏಕೆಂದರೆ ಆ ಮುಕ್ಕಾಮು ಯಾವ ಸರ್ಕಾರದ ಆದೇಶದಿಂದ ಬಂದದ್ದೂ ಅಲ್ಲ. ತುಳಜಾಪುರಕ್ಕೆ ನಡೆಯುವವರಿಗೆ ಉಮರ್ಗಾ, ನಳದುರ್ಗದ ಹಾದಿಯುದ್ದಕ್ಕೂ ಅನ್ನ, ನೀರು, ಕಾಲಿಗೆ ಎಣ್ಣೆ ಸಿಗುವುದು ಇಂದಿಗೂ ನಿಂತಿಲ್ಲ.

ಮೂರನೆಯ ಆಕ್ಷೇಪ ಕಲ್ಯಾಣದ ಕಡೆಯಿಂದ ಬರುತ್ತದೆ, ಮತ್ತು ಅದು ತೂಕದ್ದು. ಹನ್ನೆರಡನೆಯ ಶತಮಾನದ ಶರಣರು ತೀರ್ಥಯಾತ್ರೆಯನ್ನು ಒಪ್ಪಲಿಲ್ಲ, ದೇಹವನ್ನೇ ದೇಗುಲವೆಂದರು. ಅಂಥವರ ನಾಡಿನಲ್ಲಿ ಯಾತ್ರೆಯನ್ನು ಸಂಪ್ರದಾಯವೆಂದು ಕೊಂಡಾಡುವುದು ಸರಿಯೇ? ಶರಣರು ತಿರಸ್ಕರಿಸಿದ್ದು ಸ್ಥಳಕ್ಕೆ ಪುಣ್ಯವನ್ನು ಗಂಟುಹಾಕುವುದನ್ನು. ನಡೆಯುವುದನ್ನು ಅವರಷ್ಟು ಗೌರವಿಸಿದವರು ಕಡಿಮೆ. ಉಡುತಡಿಯಿಂದ ಕಲ್ಯಾಣಕ್ಕೆ, ಅಲ್ಲಿಂದ ಶ್ರೀಶೈಲಕ್ಕೆ ಹೋದ ಅಕ್ಕಮಹಾದೇವಿ, ಕಾಶ್ಮೀರದಿಂದ ಬಂದನೆನ್ನುವ ಮೋಳಿಗೆಯ ಮಾರಯ್ಯ, ಕಲ್ಯಾಣ ಕ್ರಾಂತಿಯ ಬಳಿಕ ಉಳವಿಯತ್ತ ಸಾಗಿದ ಚನ್ನಬಸವಣ್ಣನ ತಂಡ, ಇವರೆಲ್ಲ ನಡೆದವರೇ. ಆದರೆ ಇಲ್ಲಿ ನನ್ನ ವಾದಕ್ಕೆ ಒಂದು ಮಿತಿ ಇರುವುದನ್ನೂ ಹೇಳಬೇಕು: ಅಕ್ಕ ಮನೆ ಬಿಟ್ಟು ನಡೆದವಳು. ತಂದೆತಾಯಿಯನ್ನು ಕರೆದುಕೊಂಡು ಹೋಗುವುದು ಗೃಹಸ್ಥರ ಪದ್ಧತಿ, ವಿರಕ್ತರದ್ದಲ್ಲ. ಎರಡೂ ಬಗೆಯ ನಡಿಗೆಗೆ ಈ ನೆಲ ಜಾಗ ಕೊಟ್ಟಿತ್ತು. ಬೀದರಿನ ಬಳಿಯ ಅಷ್ಟೂರಿನಲ್ಲಿ ಮಲಗಿರುವ ಬಹಮನಿ ಸುಲ್ತಾನ ಅಹಮದ್ ಷಾ ವಲಿಯ ಉರುಸು ಹೋಳಿ ಹುಣ್ಣಿಮೆಯ ಲೆಕ್ಕ ಹಿಡಿದು ಬರುತ್ತದೆ, ಅದಕ್ಕೆ ಮಾಡ್ಯಾಳದ ಜಂಗಮರು ಜನರನ್ನು ಕೂಡಿಕೊಂಡು ನಡೆದು ಬರುತ್ತಾರೆ. ಬೀದರಿನ ಚರಿತ್ರೆ ಬರೆದ ಗುಲಾಂ ಯಜ್ದಾನಿ ಇದನ್ನು ದಾಖಲಿಸಿದ್ದಾರೆ. ಮತಗಳ ಹೆಸರು ಹಿಡಿದು ಹಾದಿಗಳನ್ನು ವಿಂಗಡಿಸಲು ಹೊರಟರೆ ಬೀದರಿನಲ್ಲಿ ಸೋಲುವುದು ಖಚಿತ.

ನನಗೆ ಉತ್ತರವಿಲ್ಲದ ಆಕ್ಷೇಪ ಒಂದಿದೆ, ಅದು ಯಾರ ತಂದೆತಾಯಿ ಎಂಬುದು. ದಲಿತ ಸಂತ ಚೋಖಾಮೇಳನ ಸಮಾಧಿ ವಿಠ್ಠಲನ ಮಹಾದ್ವಾರದ ಹೊರಗೇ ಉಳಿಯಿತು. 1947ರಲ್ಲಿ ಸಾನೆ ಗುರೂಜಿ ಉಪವಾಸ ಕೂತ ಮೇಲೆ ಆ ಗುಡಿ ದಲಿತರಿಗೆ ತೆರೆಯಿತು. ಅಲ್ಲಿಯವರೆಗೆ ಔರಾದಿನ ದಲಿತ ಮಗನೊಬ್ಬ ಮುದುಕ ತಾಯಿಯನ್ನು ಹನ್ನೆರಡು ದಿನ ನಡೆಸಿಕೊಂಡು ಹೋಗಿ ತೋರಿಸಬಹುದಾಗಿದ್ದು ಬಾಗಿಲನ್ನು ಮಾತ್ರ. ದಿಂಡಿಗಳೊಳಗೂ ಜಾತಿಯ ಪಂಕ್ತಿ ಬೇರೆ ಇತ್ತೆಂಬುದನ್ನು ಕರ್ವೆ ಕಣ್ಣಾರೆ ಕಂಡು ನೊಂದು ಬರೆದಿದ್ದಾರೆ. ಪದ್ಧತಿಯ ಜಾಣ್ಮೆಯನ್ನು ಹೊಗಳುವವರು ಈ ಸಾಲನ್ನು ಬಿಟ್ಟು ಬರೆಯುವಂತಿಲ್ಲ. ಕಾಲರಾ ಎಷ್ಟು ಮುದುಕರನ್ನು ಹಾದಿಯಲ್ಲೇ ಬಲಿ ತೆಗೆದುಕೊಂಡಿತು ಎಂಬುದನ್ನೂ ಸೇರಿಸಿಯೇ ಲೆಕ್ಕ ಹಾಕಬೇಕು.

ಬಾರ್ಸಿ ಲೈಟ್ ರೈಲ್ವೆಯ ಪುಟ್ಟ ಗಾಡಿ 1906ರಲ್ಲಿ ಪಂಢರಪುರ ಮುಟ್ಟಿತು, 1911ರಲ್ಲಿ ಲಾತೂರಿಗೆ ಬಂತು. 1930ರ ಆಚೀಚೆ ನಿಜಾಮರ ರೈಲು ಬೀದರ, ಭಾಲ್ಕಿಗೂ ಬಂತು. ನಡಿಗೆ ಬರೀ ಸಾರಿಗೆಯಾಗಿದ್ದರೆ ಅಂದೇ ನಿಲ್ಲಬೇಕಿತ್ತು. ನಿಲ್ಲಲಿಲ್ಲ, ಆದರೆ ಅದರ ಒಳಗಿನ ಜೋಡಣೆ ಬದಲಾಯಿತು. ಈಗ ತುಳಜಾಪುರದ ರಸ್ತೆಯಲ್ಲಿ ನಡೆಯುವವರಲ್ಲಿ ಹರೆಯದವರೇ ಹೆಚ್ಚು, ತಂದೆತಾಯಿ ಬಸ್ಸಿನಲ್ಲೋ ಕ್ರೂಸರಿನಲ್ಲೋ ಹೋಗಿ ಮುಂದೆ ಕಾಯುತ್ತಾರೆ. ಕುದುರೆ ಏರಿದವರು ಅದಲುಬದಲಾಗಿದ್ದಾರೆ. ಮುದುಕರಿಗೆ ಸುಖವಾಯಿತು, ಅದರಲ್ಲಿ ದೂರುವಂಥದ್ದು ಏನೂ ಇಲ್ಲ. ಕಳೆದದ್ದು ಕಲಿಕೆ: ಹತ್ತು ದಿನದ ಮಾತುಕತೆಯಲ್ಲಿ ದಾಟಿ ಬರುತ್ತಿದ್ದ ಬಾವಿ, ಗುಡಿ, ಮನೆತನ, ಹೊಳೆಯ ದಾಟುಗಳ ತಿಳಿವಳಿಕೆ ಬಸ್ಸಿನ ಕಿಟಕಿಯಿಂದ ದಾಟುವುದಿಲ್ಲ, ಫೋನಿನ ನಕ್ಷೆಗೂ ಅದು ಗೊತ್ತಿಲ್ಲ.

ಆದ್ದರಿಂದ ಭಾಲ್ಕಿ, ಔರಾದ, ಕಮಲನಗರ, ಖಟಕ ಚಿಂಚೋಳಿಯ ಶಾಲೆ ಕಾಲೇಜುಗಳ ಮಾಸ್ತರರಲ್ಲಿ ಒಂದು ಬೇಡಿಕೆ. ಇಪ್ಪತ್ತು ಮೂವತ್ತು ವಾರಿ ಮಾಡಿದ ಮುತ್ಯಾ, ಆಯಿಗಳು ಇನ್ನೂ ಊರೂರಿನಲ್ಲಿದ್ದಾರೆ. ಹುಡುಗರನ್ನು ಅವರ ಬಳಿ ಕಳಿಸಿ ಮುಕ್ಕಾಮುಗಳ ಹೆಸರು ಒಂದೊಂದಾಗಿ ಬರೆಸಿಕೊಳ್ಳಿ. ಯಾವ ಹೊಳೆ ಎಲ್ಲಿ ದಾಟಿದರು, ಯಾರ ಮನೆಯಲ್ಲಿ ಉಂಡರು, ಯಾರನ್ನು ಪಂಕ್ತಿಯಿಂದ ಹೊರಗೆ ಕೂರಿಸಿದರು ಎಂಬುದನ್ನೂ ಬಿಡದೆ ಕೇಳಿ. ದಿಂಡಿ ನಡೆಸಿದವರ ಮನೆಯಲ್ಲಿ ವಂತಿಗೆಯ ವಹಿ ಇದ್ದರೆ ಅದರ ಫೋಟೋ ತೆಗೆದಿಡಿ. ಮುಂದಿನ ಆಷಾಢದೊಳಗೆ ಒಂದು ಹೋಬಳಿಯದ್ದಾದರೂ ಮುಗಿಯಲಿ.